ಮೋಡದ ಲೆಕ್ಕ, ಬಿಸಿಯ ಲೆಕ್ಕ

ಟಿವಿಯಲ್ಲಿ ಹವಾಮಾನ ವರದಿ ಬರುವಾಗ ಭಾರತದ ನಕ್ಷೆಯ ಮೇಲೆ ಬಿಳಿ ಮೋಡಗಳು ಸರಿದಾಡುವ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಅಂಥ ಚಿತ್ರ ತೆಗೆಯುವ ಇನ್ಸಾಟ್-3ಡಿಆರ್, ಇನ್ಸಾಟ್-3ಡಿಎಸ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅವುಗಳ ಲಗಾಮು ಇರುವುದು ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಈ ಹೊತ್ತು ಅರಬ್ಬೀ ಸಮುದ್ರದ ಮೇಲೆ ಎಷ್ಟು ಮೋಡವಿದೆ, ಎತ್ತ ಸಾಗುತ್ತಿದೆ ಎಂಬುದನ್ನು ಅವು ಅರ್ಧ ಗಂಟೆಗೊಮ್ಮೆ ತೋರಿಸುತ್ತವೆ. ಭೂಮಿ ಇನ್ನೊಂದು ಡಿಗ್ರಿ ಬಿಸಿಯಾದಾಗ ಅದೇ ಮೋಡ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ, ಮೇಲಕ್ಕೇರುತ್ತದೋ ತೆಳ್ಳಗಾಗುತ್ತದೋ ಎಂಬುದು ಬೇರೆಯೇ ಪ್ರಶ್ನೆ. ನಾಲ್ಕು ದಶಕಕ್ಕೂ ಮೀರಿ ಹವಾಗುಣ ವಿಜ್ಞಾನಿಗಳ ನಿದ್ದೆ ಕೆಡಿಸಿರುವುದು ಈ ಪ್ರಶ್ನೆಯೇ.

ಕೈಗಾರಿಕೆಗಳು ಬರುವ ಮುಂಚೆ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. ಅದು ಎರಡರಷ್ಟಾಗಿ 560 ಮುಟ್ಟಿ ಅಲ್ಲೇ ನಿಂತಿತು ಎಂದುಕೊಳ್ಳೋಣ. ಆಗ ಭೂಮಿಯ ಸರಾಸರಿ ಉಷ್ಣಾಂಶ ಎಷ್ಟು ಏರಿ ನೆಲೆ ನಿಲ್ಲುತ್ತದೆ? ಈ ಅಂಕಿಯನ್ನು ಹವಾಗುಣ ಸಂವೇದನೆ ಎನ್ನುತ್ತಾರೆ. ವಿಶ್ವಸಂಸ್ಥೆಯ ಹವಾಗುಣ ಬದಲಾವಣೆ ಸಮಿತಿಯಾದ ಐಪಿಸಿಸಿ 2021ರಲ್ಲಿ ಕೊಟ್ಟ ಉತ್ತರ ಸುಮಾರು 3 ಡಿಗ್ರಿ ಸೆಲ್ಸಿಯಸ್, ಬಹುಮಟ್ಟಿಗೆ 2.5ರಿಂದ 4 ಡಿಗ್ರಿಯ ಒಳಗೆ. ಎರಡೂವರೆಗೂ ನಾಲ್ಕಕ್ಕೂ ನಡುವಿನ ಅಂತರ ಕೇಳಲು ಸಣ್ಣದು. ಆದರೆ ಹಿಂದಿನ ಹಿಮಯುಗದ ಕಡು ಚಳಿಯ ಕಾಲಕ್ಕೂ ಕೈಗಾರಿಕೆಗೆ ಮುಂಚಿನ ಹವಾಗುಣಕ್ಕೂ ಇದ್ದ ವ್ಯತ್ಯಾಸವೇ 5ರಿಂದ 7 ಡಿಗ್ರಿ ಎಂದು ನೆನೆದರೆ ಒಂದೂವರೆ ಡಿಗ್ರಿಯ ತೂಕ ತಿಳಿಯುತ್ತದೆ. ಈ ಅಂತರಕ್ಕೆ ಮುಖ್ಯ ಕಾರಣ ಮೋಡಗಳು.

ಈ ಅನಿಶ್ಚಿತತೆಯನ್ನು ನಮ್ಮ ಕಡೆ ಎರಡು ಬಗೆಯಲ್ಲಿ ತಪ್ಪಾಗಿ ಓದುವುದನ್ನು ಕಾಣುತ್ತೇನೆ. ವಿಜ್ಞಾನಿಗಳಿಗೇ ಮೋಡ ಗೊತ್ತಿಲ್ಲವಂತೆ, ಹಾಗಾದರೆ ಈ ಬಿಸಿಯ ಮಾತೆಲ್ಲ ಬರಿಯ ಊಹೆ ಎನ್ನುವವರು ಕೆಲವರು. 2050ರಲ್ಲಿ ಮೂಡಿಗೆರೆ ತಾಲ್ಲೂಕಿಗೆ ಇಷ್ಟೇ ಮಳೆ ಎಂದು ದಶಮಾಂಶದ ಸಮೇತ ಬರೆದ ನಕ್ಷೆಯನ್ನು ಕಣ್ಣು ಮುಚ್ಚಿ ನಂಬುವವರು ಇನ್ನು ಕೆಲವರು. ನನ್ನ ಮಾತು ಇಷ್ಟು: ಭೂಮಿ ಒಟ್ಟಾರೆ ಎಷ್ಟು ಬಿಸಿಯಾಗುತ್ತದೆ ಎಂಬುದರ ಮಟ್ಟಿಗೆ ಮೋಡದ ಬಗ್ಗೆ ಸಾಕಷ್ಟು ತಿಳಿದಿದೆ, ತಿಳಿದದ್ದು ನೆಮ್ಮದಿ ತರುವಂಥದ್ದಲ್ಲ. ನಮ್ಮ ತೋಟದ ಮೇಲೆ ಮಳೆ ಹೇಗೆ ಬೀಳುತ್ತದೆ ಎಂಬುದರ ಮಟ್ಟಿಗೆ ತಿಳಿದಿರುವುದು ಅದಕ್ಕಿಂತ ಬಹಳ ಕಡಿಮೆ. ಈ ಎರಡನ್ನೂ ಕಲಸಿದಾಗಲೇ ಎಡವಟ್ಟಾಗುವುದು.

ಮೋಡ ಏಕಕಾಲಕ್ಕೆ ಮಾಡುವ ಎರಡು ಕೆಲಸವನ್ನು ಕಾಫಿ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿಯ ಕೊಯ್ಲಿನ ದಿನಗಳಲ್ಲಿ ಹಗಲು ಮೋಡ ಕವಿದರೆ ಕಣದಲ್ಲಿ ಹರವಿದ ಹಣ್ಣು ಒಣಗುವುದಿಲ್ಲ, ಟಾರ್ಪಾಲು ಹೊದಿಸುವುದು ತೆಗೆಯುವುದರಲ್ಲೇ ದಿನ ಕಳೆಯುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಬೆಳಗಿನ ಜಾವ ಕೊರೆಯುವ ಚಳಿ, ಎಲೆ ತುಂಬ ಇಬ್ಬನಿ. ಅದೇ ರಾತ್ರಿ ಮೋಡ ಮುಚ್ಚಿದ್ದರೆ ಚಳಿ ಅಷ್ಟಿರುವುದಿಲ್ಲ. ಹಗಲಿನ ಮೋಡ ಬಿಸಿಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿತು. ರಾತ್ರಿಯ ಮೋಡ ನೆಲದಿಂದ ಮೇಲೇಳುವ ಶಾಖವನ್ನು ಹೀರಿಕೊಂಡು ಅದರಲ್ಲೊಂದು ಪಾಲನ್ನು ಮತ್ತೆ ನೆಲಕ್ಕೇ ಸೂಸಿತು.

ಯಾವುದೇ ಹೊತ್ತಿನಲ್ಲಿ ಭೂಮಿಯ ಸುಮಾರು ಮೂರರಲ್ಲಿ ಎರಡು ಪಾಲು ಮೋಡದ ಕೆಳಗಿರುತ್ತದೆ. ಉಪಗ್ರಹಗಳು ಅಳೆದ ಪ್ರಕಾರ, ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಮೋಡಗಳು ಚದರ ಮೀಟರಿಗೆ ಸರಾಸರಿ 45ರಿಂದ 50 ವ್ಯಾಟ್‌ನಷ್ಟು ತಂಪು ಮಾಡುತ್ತವೆ. ಶಾಖವನ್ನು ಹಿಡಿದಿಡುವುದರಿಂದ 25ರಿಂದ 30 ವ್ಯಾಟ್‌ನಷ್ಟು ಬಿಸಿ ಮಾಡುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಸುಮಾರು 20 ವ್ಯಾಟ್‌ನಷ್ಟು ತಂಪು. ಈ ತಂಪೇ ಮೇಲುಗೈ ಎಂಬುದನ್ನು ಉಪಗ್ರಹದ ಅಳತೆಯಿಂದ ಖಚಿತಪಡಿಸಿದ 1989ರ ಪ್ರಬಂಧದ ಮೊದಲ ಲೇಖಕ ವೀರಭದ್ರನ್ ರಾಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ ಭೂಮಿಯ ಮೇಲೆ ಬೀಳುವ ಹೆಚ್ಚುವರಿ ಹೊರೆ ಸುಮಾರು 4 ವ್ಯಾಟ್. ಮೋಡದ ಎರಡು ದೊಡ್ಡ ಮೊತ್ತಗಳಲ್ಲಿ ನೂರಕ್ಕೆ ಐದರಷ್ಟು ಏರುಪೇರಾದರೂ ಆ 4 ವ್ಯಾಟಿನ ಪಕ್ಕದಲ್ಲಿ ಅದು ಎದ್ದು ಕಾಣುತ್ತದೆ.

ಮೋಡ ಒಟ್ಟಾರೆ ತಂಪು ಮಾಡುತ್ತದೆ ಎಂದಮೇಲೆ, ಬಿಸಿ ಏರಿದಂತೆ ನೀರು ಹೆಚ್ಚು ಆವಿಯಾಗಿ, ಮೋಡ ಹೆಚ್ಚಾಗಿ, ಭೂಮಿ ತನ್ನನ್ನು ತಾನೇ ತಂಪು ಮಾಡಿಕೊಳ್ಳಬೇಕಲ್ಲವೇ? ಇದು ಸಹಜವಾಗಿ ಏಳುವ ಪ್ರಶ್ನೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ, ನಿಜ. ಆದರೆ ಮೋಡ ಕಟ್ಟುವುದು ಗಾಳಿಯಲ್ಲಿ ಎಷ್ಟು ಆವಿ ಇದೆ ಎನ್ನುವುದರಿಂದ ಅಲ್ಲ. ಗಾಳಿ ತನ್ನ ಮಿತಿ ಮುಟ್ಟಿದಾಗ ಮೋಡ ಕಟ್ಟುತ್ತದೆ. ಆವಿಯ ಜೊತೆಗೆ ಮಿತಿಯೂ ಮೇಲೇರಿದರೆ ಮೋಡ ಹೆಚ್ಚಬೇಕೆಂಬ ನಿಯಮವಿಲ್ಲ, ಕೆಲವು ಕಡೆ ಅದು ಕರಗಲೂಬಹುದು. ಹೀಗಾಗಿ ಪ್ರತಿಯೊಂದು ಬಗೆಯ ಮೋಡವನ್ನೂ ಬೇರೆ ಬೇರೆಯಾಗಿ ನೋಡದೆ ಗತ್ಯಂತರವಿಲ್ಲ.

ಹವಾಗುಣವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವ ಮೊದಲ ಮಾದರಿಗಳು ಈ ತೊಡಕಿನ ಹತ್ತಿರ ಹೋಗಲಿಲ್ಲ. ಸ್ಯುಕುರೋ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ ಕಂಪ್ಯೂಟರ್ ಲೆಕ್ಕ ಹಾಕಿ, ಇಂಗಾಲ ಎರಡರಷ್ಟಾದರೆ ಸುಮಾರು 2.3 ಡಿಗ್ರಿ ಏರುತ್ತದೆ ಎಂದರು. ಆ ಲೆಕ್ಕದಲ್ಲಿ ಮೋಡಗಳು ಇದ್ದಲ್ಲೇ ಇದ್ದವು. ಮನಾಬೆಯವರಿಗೆ ನೊಬೆಲ್ ಬಂದದ್ದು ಐವತ್ತು ವರ್ಷ ದಾಟಿದ ಮೇಲೆ, 2021ರಲ್ಲಿ. 1979ರಲ್ಲಿ ಜೂಲ್ ಚಾರ್ನಿ ನೇತೃತ್ವದ ಅಮೆರಿಕದ ಸಮಿತಿ ಎರಡು ಮಾದರಿ ತಂಡಗಳ ಫಲಿತಾಂಶವನ್ನು ಎದುರಿಗಿಟ್ಟುಕೊಂಡಿತು. ಮನಾಬೆಯವರ ಮಾದರಿ ಸುಮಾರು 2 ಡಿಗ್ರಿ ಎನ್ನುತ್ತಿತ್ತು, ಜೇಮ್ಸ್ ಹ್ಯಾನ್ಸನ್ ಅವರದು 4ರ ಆಸುಪಾಸು. ಎರಡೂ ಕಡೆ ಅರ್ಧ ಡಿಗ್ರಿಯ ಅಂಚು ಬಿಟ್ಟು, 1.5ರಿಂದ 4.5 ಎಂದು ಸಮಿತಿ ಬರೆಯಿತು. ಕಂಪ್ಯೂಟರುಗಳು ಲಕ್ಷಾಂತರ ಪಟ್ಟು ವೇಗವಾದವು, ಉಪಗ್ರಹಗಳು ಮೇಲೇರಿದವು, ಆದರೂ 2013ರ ಐಪಿಸಿಸಿ ವರದಿಯಲ್ಲಿ ಅದೇ 1.5ರಿಂದ 4.5 ಉಳಿದಿತ್ತು.

ಏಕೆ ಉಳಿಯಿತು ಎಂಬುದಕ್ಕೆ ನಮ್ಮ ಹಾಸನ ಜಿಲ್ಲೆಯ ನಕ್ಷೆಯೇ ಉತ್ತರ ಹೇಳುತ್ತದೆ. ಜಾಗತಿಕ ಹವಾಗುಣ ಮಾದರಿ ಇಡೀ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಗಾಳಿ, ಉಷ್ಣಾಂಶ, ತೇವಾಂಶ, ಒತ್ತಡದ ಒಂದೊಂದೇ ಅಂಕಿ ಇಟ್ಟುಕೊಂಡು ನಡೆಯುತ್ತದೆ. ಬಹುಪಾಲು ಮಾದರಿಗಳಲ್ಲಿ ಆ ಚೌಕದ ಒಂದು ಬದಿ ಸುಮಾರು 100 ಕಿಲೋಮೀಟರ್. ಸಕಲೇಶಪುರದಿಂದ ಅರಸೀಕೆರೆಗೆ ಆಕಾಶಮಾರ್ಗದಲ್ಲಿ 70 ಕಿಲೋಮೀಟರ್ ಕೂಡ ಇಲ್ಲ. ಅಂದರೆ ಆಷಾಢದಲ್ಲಿ ವಾರಗಟ್ಟಲೆ ಬಿಡದೆ ಸುರಿಯುವ ಬಿಸಿಲೆ ಕಾಡೂ, ಅದೇ ವಾರ ಮುಗಿಲು ನೋಡುತ್ತ ರಾಗಿಗೆ ಕಾಯುವ ಅರಸೀಕೆರೆ ಹೊಲವೂ ಮಾದರಿಯ ಒಂದೇ ಚೌಕದಲ್ಲಿ ಕೂತುಬಿಡುತ್ತವೆ. ಘಟ್ಟದ ಗೋಡೆ ಆ ಸರಾಸರಿಯಲ್ಲಿ ತಗ್ಗು ದಿಬ್ಬವಾಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇಲ್ಲವೇ ಇಲ್ಲ. ಮಧ್ಯಾಹ್ನ ಬಾಬಾಬುಡನ್‌ಗಿರಿಯ ನೆತ್ತಿ ಮೇಲೆ ಏಳುವ ಮೋಡದ ಅಗಲ ಒಂದೆರಡು ಕಿಲೋಮೀಟರ್, ಅದರೊಳಗಿನ ಹನಿ ಮಿಲಿಮೀಟರಿನ ನೂರರಲ್ಲೊಂದು ಭಾಗ.

ಚೌಕದೊಳಗೆ ಹಿಡಿಸದ ಮೋಡವನ್ನು ಮಾದರಿ ಅಂದಾಜು ಸೂತ್ರಗಳಿಂದ ತುಂಬುತ್ತದೆ. ಚೌಕದ ಸರಾಸರಿ ತೇವಾಂಶ ಇಷ್ಟಿದ್ದರೆ ಅದರಲ್ಲಿ ಇಷ್ಟು ಪಾಲು ಮೋಡ, ಗಾಳಿ ಹೀಗೆ ಮೇಲೇರಿದರೆ ಇಷ್ಟು ಮಳೆ ಎಂಬಂಥ ಸೂತ್ರಗಳು. ಇವು ಭೌತಶಾಸ್ತ್ರದ ಮೇಲೆಯೇ ನಿಂತಿವೆ, ಮನಸ್ಸಿಗೆ ಬಂದಂತೆ ಬರೆದವಲ್ಲ. ಆದರೆ ಒಂದೊಂದರಲ್ಲೂ ನೇರ ಅಳತೆಗೆ ಸಿಗದ ಕೆಲವು ಅಂಕಿಗಳಿರುತ್ತವೆ. ಇಡೀ ಭೂಮಿಯ ಶಾಖದ ಜಮಾಖರ್ಚು ಉಪಗ್ರಹದ ಅಳತೆಗೆ ಸರಿಹೊಂದುವ ಹಾಗೆ ಆ ಅಂಕಿಗಳನ್ನು ತಿರುಗಿಸಿ ಕೂರಿಸುತ್ತಾರೆ. ಹೀಗೆ ಕೂರಿಸಿದ ಎರಡು ಮಾದರಿಗಳು ಇಂದಿನ ಹವಾಗುಣವನ್ನು ಸರಿಸುಮಾರು ಒಂದೇ ರೀತಿ ತೋರಿಸಬಹುದು. ಒಂದರಲ್ಲಿ ಮೋಡ ಕಡಿಮೆ ಆದರೆ ಹೆಚ್ಚು ಬೆಳ್ಳಗೆ, ಇನ್ನೊಂದರಲ್ಲಿ ಮೋಡ ಹೆಚ್ಚು ಆದರೆ ಮಂಕು. ಇಂದಿನ ಮೊತ್ತ ಒಂದೇ. ಭೂಮಿಯನ್ನು ಮೂರು ಡಿಗ್ರಿ ಬಿಸಿ ಮಾಡಿ ನೋಡಿದಾಗ ಅವುಗಳ ದಾರಿ ಬೇರೆಯಾಗುತ್ತದೆ.

ಹೆಚ್ಚು ಜಗಳ ನಡೆದಿರುವುದು ಕೆಳಮೋಡಗಳ ಬಗ್ಗೆ. ಪೆರು, ಕ್ಯಾಲಿಫೋರ್ನಿಯಾ, ನಮೀಬಿಯಾ ಕರಾವಳಿಯಾಚೆ ಸಮುದ್ರದ ನೀರು ತಣ್ಣಗಿರುತ್ತದೆ. ಅದರ ಮೇಲೆ ಸಾವಿರಾರು ಕಿಲೋಮೀಟರ್ ಉದ್ದಕ್ಕೂ ಕೆಲವೇ ನೂರು ಮೀಟರ್ ದಪ್ಪದ ಮೋಡದ ಹಾಸು ಹರಡಿಕೊಂಡಿದೆ. ಕಾಫಿಗಿಡದ ಮೇಲಿನ ನೆರಳುಮರ ಹೇಗೋ ಸಮುದ್ರಕ್ಕೆ ಅದು ಹಾಗೆ. ಬಿಸಿಲನ್ನು ತಡೆಯುತ್ತದೆ, ಆದರೆ ಅದರ ನೆತ್ತಿಯ ಉಷ್ಣಾಂಶ ಸಮುದ್ರದ ಉಷ್ಣಾಂಶಕ್ಕೆ ಹತ್ತಿರವೇ ಇರುವುದರಿಂದ ಶಾಖ ಹಿಡಿದಿಡುವ ಕೆಲಸ ಹೆಚ್ಚೇನೂ ಮಾಡುವುದಿಲ್ಲ. ತಂಪು ಮಾಡುವುದರಲ್ಲಿ ಇದರಷ್ಟು ಕೈ ಪಳಗಿದ ಮೋಡ ಇನ್ನೊಂದಿಲ್ಲ. ಈ ಹಾಸು ಉಳಿಯಬೇಕಾದರೆ ಅದರ ನೆತ್ತಿಯಿಂದ ಶಾಖ ಆಕಾಶಕ್ಕೆ ಹೋಗುತ್ತಿರಬೇಕು. ನೆತ್ತಿ ತಣ್ಣಗಾದ ಗಾಳಿ ಕೆಳಗಿಳಿದು, ಸಮುದ್ರದ ತೇವವನ್ನು ಮೇಲಕ್ಕೆ ತರುವ ಕಲಕಾಟ ನಡೆಯುವುದು ಅದರಿಂದಲೇ. ಮೇಲಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ನೀರಾವಿ ಹೆಚ್ಚಾದರೆ ಈ ತಣಿಯುವಿಕೆ ಕುಂದುತ್ತದೆ. ಜೊತೆಗೆ ಸಮುದ್ರ ಬಿಸಿಯಾದಂತೆ ಮೋಡದ ಮೇಲಿರುವ ಒಣಗಾಳಿ ಒಳಗೆ ಬೆರೆತು ಹಾಸನ್ನು ಒಣಗಿಸುವುದು ಹೆಚ್ಚುತ್ತದೆ. ಅಳತೆಗಳೂ ಸೂಕ್ಷ್ಮ ಮಾದರಿಗಳೂ ಒಂದೇ ದಿಕ್ಕು ತೋರಿಸುತ್ತವೆ: ಸಮುದ್ರ ಬಿಸಿಯಾದರೆ ಕೆಳಮೋಡ ಕಡಿಮೆಯಾಗುತ್ತದೆ, ಒಳಗೆ ಬರುವ ಬಿಸಿಲು ಹೆಚ್ಚುತ್ತದೆ, ಸಮುದ್ರ ಇನ್ನಷ್ಟು ಬಿಸಿಯಾಗುತ್ತದೆ.

ಮೇಲುಮೋಡಗಳ ಕಥೆ ಇಷ್ಟು ಜಟಿಲವಲ್ಲ. ಉಷ್ಣವಲಯದ ಗುಡುಗು ಮೋಡಗಳು ಏರಿ ಏರಿ ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಅಗಲವಾಗಿ ಹರಡುತ್ತವೆ. ಭೂಮಿ ಬಿಸಿಯಾದರೆ ಅವು ಇನ್ನೂ ಮೇಲಕ್ಕೇರುತ್ತವೆ, ಆದರೆ ನೆತ್ತಿಯ ಉಷ್ಣಾಂಶ ಮೊದಲಿನಷ್ಟೇ ಇರುತ್ತದೆ. ಕೆಳಗಿನ ನೆಲ ಬಿಸಿಯಾದರೂ ಮೋಡದಿಂದ ಹೊರಗೆ ಹೋಗುವ ಶಾಖ ಹೆಚ್ಚುವುದಿಲ್ಲ. ಇದೂ ಬಿಸಿಯ ಕಡೆಗೇ ವಾಲುತ್ತದೆ. ಇದಕ್ಕೆ ಎದುರಾಗಿ, ಬಿಸಿಯಾದಂತೆ ಈ ಹರವು ಕುಗ್ಗಿ ಶಾಖ ಹೊರಹೋಗಲು ಕಂಡಿ ತೆರೆಯುತ್ತದೆ ಎಂದು ರಿಚರ್ಡ್ ಲಿಂಡ್ಜನ್ 2001ರಲ್ಲಿ ವಾದಿಸಿದರು. ಹರವು ಒಂದಿಷ್ಟು ಕುಗ್ಗುವ ಸೂಚನೆಗಳಿವೆ. ಆದರೆ ಬಿಸಿಯನ್ನು ಹತೋಟಿಗೆ ತರುವಷ್ಟು ದೊಡ್ಡ ಪರಿಣಾಮಕ್ಕೆ ಆಮೇಲಿನ ಅಳತೆಗಳಲ್ಲಿ ಆಧಾರ ಸಿಗಲಿಲ್ಲ.

ಮೂರನೆಯದು ದಕ್ಷಿಣ ಸಾಗರದ ಮೋಡ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಹೆಚ್ಚು ಕಲಿಸುವ ಭಾಗ ಇದು. ಶೂನ್ಯ ಡಿಗ್ರಿಗಿಂತ ಕೆಳಗೆ ಹೋದ ಕೂಡಲೇ ಮೋಡದ ಹನಿ ಹೆಪ್ಪುಗಟ್ಟಬೇಕೆಂದಿಲ್ಲ. ಹೆಪ್ಪುಗಟ್ಟಲು ಆಸರೆಯಾಗುವ ಧೂಳಿನ ಕಣ ಸಿಗದಿದ್ದರೆ ಮೈನಸ್ 35 ಡಿಗ್ರಿಯವರೆಗೂ ಹನಿ ನೀರಾಗಿಯೇ ಇರಬಲ್ಲದು. ಅಂಟಾರ್ಕ್ಟಿಕದ ಸುತ್ತಲಿನ ಸಾಗರದ ಮೇಲಿನ ಗಾಳಿ ಶುಚಿ, ಧೂಳು ಕಡಿಮೆ. ಅಲ್ಲಿಯ ಮೋಡದಲ್ಲಿ ಇಂಥ ನೀರೇ ಹೆಚ್ಚು. ಹಳೆಯ ಮಾದರಿಗಳು ಅಲ್ಲಿ ಮಂಜುಗಡ್ಡೆಯನ್ನು ಹೆಚ್ಚು ಕೂರಿಸಿದ್ದವು. ನೀರಿನ ಸಣ್ಣ ಹನಿಗಳ ಮೋಡ ಮಂಜುಹರಳಿನ ಮೋಡಕ್ಕಿಂತ ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದ ಆ ಮಾದರಿಗಳಲ್ಲಿ ಭೂಮಿ ಬಿಸಿಯಾದಂತೆ ಮಂಜು ನೀರಾಗಿ, ಮೋಡ ಬೆಳ್ಳಗಾಗಿ, ಬಿಸಿಗೆ ಒಂದು ತಡೆ ಬೀಳುತ್ತಿತ್ತು. 2006ರಲ್ಲಿ ಹಾರಿಸಿದ ಕ್ಯಾಲಿಪ್ಸೋ ಉಪಗ್ರಹ ಲೇಸರ್ ಕಿರಣದಿಂದ ಮೋಡದೊಳಗಿನ ನೀರನ್ನೂ ಮಂಜನ್ನೂ ಬೇರ್ಪಡಿಸಿ ತೋರಿಸಿದಾಗ ಗೊತ್ತಾಯಿತು, ಅಲ್ಲಿ ಆಗಲೇ ನೀರು ತುಂಬಿದೆ. ಕರಗಲು ಮಂಜೇ ಅಷ್ಟಿಲ್ಲದ ಮೇಲೆ ಆ ತಡೆಯೂ ಅಷ್ಟಿಲ್ಲ.

ಮಾದರಿಕಾರರು ಇದನ್ನು ತಿದ್ದಿದರು. ಇತ್ತೀಚಿನ ಜಾಗತಿಕ ಹೋಲಿಕೆಯಲ್ಲಿ, ಅಂದರೆ 2019-20ರ ಸುಮಾರಿಗೆ ಫಲಿತಾಂಶ ಬಂದ ಮಾದರಿಗಳ ಆರನೇ ಸುತ್ತಿನಲ್ಲಿ, ಸಂವೇದನೆಯ ಅಂಕಿ 1.8ರಿಂದ 5.6 ಡಿಗ್ರಿಯವರೆಗೆ ಹಬ್ಬಿತು. ಅದರ ಹಿಂದಿನ ಸುತ್ತಿನಲ್ಲಿ ಅತಿ ಹೆಚ್ಚು ಎಂದರೆ 4.7. ತಿದ್ದಿದ ಮೇಲೆ ಹೊಂದಾಣಿಕೆ ಹೆಚ್ಚಬೇಕಿತ್ತು, ಹರವು ಇನ್ನೂ ದೊಡ್ಡದಾಯಿತು. ಪತ್ರಿಕೆಗಳಲ್ಲಿ 5 ಡಿಗ್ರಿಯ ತಲೆಬರಹಗಳು ಬಂದವು. ಒಂದು ತಪ್ಪು ಇನ್ನೊಂದು ತಪ್ಪನ್ನು ಮುಚ್ಚಿಟ್ಟಿದ್ದಾಗ ಮೊದಲನೆಯದನ್ನು ಮಾತ್ರ ಸರಿಪಡಿಸಿದರೆ ಹೀಗಾಗುತ್ತದೆ. ಅಮೆರಿಕದ ಒಂದು ಪ್ರಮುಖ ಮಾದರಿ, ಸಿಇಎಸ್‌ಎಂ2, ಸಂವೇದನೆ 5 ಡಿಗ್ರಿ ದಾಟಿದೆ ಎಂದಿತ್ತು. ಅದನ್ನೇ 20,000 ವರ್ಷ ಹಿಂದಿನ ಹಿಮಯುಗದ ಮೇಲೆ ಓಡಿಸಿದಾಗ ಭೂಮಿ ನಂಬಲಾಗದಷ್ಟು ತಣ್ಣಗಾಯಿತು, ಬಂಡೆ, ಹಿಮ, ಸಾಗರದ ಕೆಸರು ಹೇಳುವುದಕ್ಕಿಂತ ಬಹಳ ಹೆಚ್ಚು. ಹುಡುಕಿದಾಗ ದೋಷ ಸಿಕ್ಕಿದ್ದು ಮೋಡದೊಳಗಿನ ಮಂಜಿನ ಸೂತ್ರದಲ್ಲಿ.

ವಿಜ್ಞಾನ ಇಲ್ಲಿ ಮಾಡಿದ ಕೆಲಸ ನನಗೆ ಗೌರವ ಹುಟ್ಟಿಸುತ್ತದೆ. ಮಾದರಿಗಳು ಕೊಟ್ಟ ಸಂವೇದನೆಯ ಅಂಕಿಗಳನ್ನು ನೇರವಾಗಿ ಸಾಕ್ಷಿಯಾಗಿ ಬಳಸುವ ಹಳೆಯ ರೂಢಿಯನ್ನು ಐಪಿಸಿಸಿ 2021ರಲ್ಲಿ ಬಿಟ್ಟಿತು. ಸ್ಟೀವನ್ ಶೆರ್ವುಡ್ ಮತ್ತು ಸಂಗಡಿಗರು 2020ರಲ್ಲಿ ಮೂರು ಬೇರೆ ಬೇರೆ ಸಾಕ್ಷಿಗಳನ್ನು ಜೊತೆಗಿಟ್ಟು ತೂಗಿದ್ದರು: ಒಂದೊಂದು ಬಗೆಯ ಮೋಡದ ಅಳತೆ ಮತ್ತು ಭೌತಶಾಸ್ತ್ರ, ಕಳೆದ ನೂರೈವತ್ತು ವರ್ಷಗಳಲ್ಲಿ ಆಗಿರುವ ಬಿಸಿ, ಪ್ರಾಚೀನ ಹವಾಗುಣದ ಗುರುತುಗಳು. ಒಂದು ಸಾಕ್ಷಿಯ ದೋಷ ಇನ್ನೊಂದಕ್ಕೆ ತಗಲುವುದಿಲ್ಲ. ಮೂರೂ ಸೇರಿ ಹೇಳಿದ್ದು 2.6ರಿಂದ 3.9 ಡಿಗ್ರಿ. ಐಪಿಸಿಸಿಯ 2.5ರಿಂದ 4 ಇದರ ಹತ್ತಿರವೇ ಇದೆ. ಮೋಡಗಳ ಒಟ್ಟು ಮರುಪರಿಣಾಮ, ಅಂದರೆ ಬಿಸಿಯಿಂದ ಬದಲಾದ ಮೋಡ ಮತ್ತೆ ಬಿಸಿಯ ಮೇಲೆ ಮಾಡುವ ಪರಿಣಾಮ, ಒಂದು ಡಿಗ್ರಿ ಬಿಸಿಗೆ ಚದರ ಮೀಟರಿಗೆ ಸುಮಾರು 0.42 ವ್ಯಾಟ್, ಬಿಸಿಯನ್ನು ಹೆಚ್ಚಿಸುವ ದಿಕ್ಕಿನಲ್ಲಿ, ಎಂದೂ ಅದು ಅಂದಾಜು ಕಟ್ಟಿತು. 2020ರ ಆರಂಭದಲ್ಲಿ ಬಾರ್ಬಡೋಸ್ ಬಳಿ ವಿಮಾನ, ಹಡಗುಗಳಿಂದ ನಡೆಸಿದ ದೊಡ್ಡ ಅಳತೆ ಕಾರ್ಯದಲ್ಲಿ, ಅಲ್ಲಿಯ ಚದುರಿದ ಸಣ್ಣ ಮೋಡಗಳು ಕೆಲವು ಮಾದರಿಗಳು ಹೆದರಿದಷ್ಟು ಸುಲಭವಾಗಿ ಒಣಗುವುದಿಲ್ಲ ಎಂದು ಕಂಡುಬಂತು. ಅತಿ ಬಿಸಿಯ ಮಾದರಿಗಳ ವಿರುದ್ಧ ಅದೂ ಒಂದು ಸಾಕ್ಷಿ.

ಮೋಡ ಗೊತ್ತಿಲ್ಲ, ಆದ್ದರಿಂದ ಚಿಂತೆ ಬೇಡ ಎನ್ನುವವರು ಗಮನಿಸಬೇಕಾದ ಸಂಗತಿ ಇದು. 1979ರ ಪಟ್ಟಿಯ ಕೆಳತುದಿ 1.5 ಇತ್ತು. ಈಗ ಅದು 2.5ಕ್ಕೆ ಏರಿದೆ. ಕೆಳತುದಿಯನ್ನು ಮೇಲಕ್ಕೆ ತಳ್ಳಿದ್ದರಲ್ಲಿ ಮೋಡದ ಅಳತೆಗಳ ಪಾಲು ದೊಡ್ಡದು. ಸಂವೇದನೆ ಒಂದೂವರೆಯಲ್ಲೇ ನಿಲ್ಲಬೇಕಾದರೆ ಮೋಡಗಳು ಬಿಸಿಯನ್ನು ಬಲವಾಗಿ ತಡೆಯಬೇಕಿತ್ತು. ಹಾಗೆ ತಡೆಯುವ ಮೋಡ ಎಲ್ಲಿಯೂ ಸಿಗಲಿಲ್ಲ. ಗೊತ್ತಿಲ್ಲದ ಭಾಗ ಉಳಿದಿರುವುದು ಹೆಚ್ಚಾಗಿ ಮೇಲ್ತುದಿಯಲ್ಲಿ.

ಮೋಡದ ಮಾತಿನಲ್ಲಿ ಹೊಗೆಯ ಮಾತು ಬರಲೇಬೇಕು. ಗಾಳಿಯಲ್ಲಿ ಗಂಧಕದ ಸೂಕ್ಷ್ಮ ಕಣಗಳು ಹೆಚ್ಚಾದರೆ ಅದೇ ನೀರು ಹೆಚ್ಚು ಕಣಗಳಿಗೆ ಹಂಚಿಹೋಗಿ ಹನಿಗಳು ಸಣ್ಣದಾಗುತ್ತವೆ, ಮೋಡ ಹೆಚ್ಚು ಬೆಳ್ಳಗಾಗುತ್ತದೆ. ಹೀಗೆ ಕಲ್ಲಿದ್ದಲು, ಡೀಸೆಲ್ ಹೊಗೆ ತಾನು ತಂದ ಬಿಸಿಯ ಒಂದು ಪಾಲನ್ನು ತಾನೇ ಮರೆಮಾಚಿದೆ. ಜಾಗತಿಕ ಸರಾಸರಿಯಲ್ಲಿ ಇದು ಚದರ ಮೀಟರಿಗೆ ಸುಮಾರು ಒಂದು ವ್ಯಾಟ್ ಎಂಬ ಅಂದಾಜಿದೆ, ಆ ಅಂದಾಜಿನ ಅಂಚುಗಳು ಬಹಳ ಅಗಲ. ಹಡಗಿನ ಇಂಧನದಲ್ಲಿ ಗಂಧಕ ನೂರಕ್ಕೆ 3.5ರವರೆಗೆ ಇರಬಹುದಿತ್ತು, 2020ರ ಜನವರಿಯಿಂದ ಅದನ್ನು 0.5ಕ್ಕೆ ಇಳಿಸಲಾಯಿತು. ಜನರ ಶ್ವಾಸಕೋಶಕ್ಕೆ ಇದು ಒಳ್ಳೆಯದೇ. ಸಾಗರದ ಮೇಲೆ ಹಡಗಿನ ಹಾದಿಯುದ್ದಕ್ಕೂ ಕಾಣುತ್ತಿದ್ದ ಬಿಳಿ ಗೆರೆಗಳು ಅದರಿಂದ ಕಡಿಮೆಯಾದವು. 2023ರಲ್ಲಿ ಭೂಮಿ ಹಿಂದಕ್ಕೆ ಕಳಿಸಿದ ಬಿಸಿಲು ದಾಖಲೆಯ ಮಟ್ಟಕ್ಕೆ ಇಳಿಯಿತು, ಕೆಳಮೋಡ ಕಡಿಮೆಯಾದದ್ದೇ ಅದಕ್ಕೆ ಮುಖ್ಯ ಕಾರಣ ಎಂಬ ಅಧ್ಯಯನ 2024ರ ಕೊನೆಯಲ್ಲಿ ಬಂತು. 2024ರ ಸರಾಸರಿ ಉಷ್ಣಾಂಶ ಕೈಗಾರಿಕೆಗೆ ಮುಂಚಿನದಕ್ಕಿಂತ ಸುಮಾರು 1.55 ಡಿಗ್ರಿ ಮೇಲೆ ಹೋಯಿತು. ಕೆಳಮೋಡ ಇಳಿದದ್ದರಲ್ಲಿ ಹೊಗೆ ತಗ್ಗಿದ್ದರ ಪಾಲೆಷ್ಟು, ಸಹಜ ಏರಿಳಿತದ್ದೆಷ್ಟು, ಬಿಸಿಗೆ ಮೋಡ ಕೊಟ್ಟ ಪ್ರತಿಕ್ರಿಯೆಯೇ ಎಷ್ಟು ಎಂಬುದರ ಮೇಲೆ ಈಗ ವಾದ ನಡೆಯುತ್ತಿದೆ. ಮೂರನೆಯದರ ಪಾಲು ದೊಡ್ಡದಾದರೆ ಸಂವೇದನೆ ಪಟ್ಟಿಯ ಮೇಲ್ತುದಿಯ ಕಡೆಗೆ ಸರಿಯುತ್ತದೆ. ಅದಕ್ಕೇ ಈ ವಾದವನ್ನು ನಾನು ಆತಂಕದಿಂದ ನೋಡುತ್ತಿದ್ದೇನೆ.

ಹೊಗೆಯ ಕೈ ನಮ್ಮ ಮುಂಗಾರಿನವರೆಗೂ ಚಾಚಿದೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಕ್ಷೀಣಿಸಿದ್ದಕ್ಕೆ ಇಂಥ ಕಣಗಳು ಒಂದು ಮುಖ್ಯ ಕಾರಣ, ಮುಂದೆ ಬಿಸಿ ಏರಿದಂತೆ ಒಟ್ಟು ಮುಂಗಾರು ಮಳೆ ಹೆಚ್ಚುವ ಸಾಧ್ಯತೆಯೇ ಜಾಸ್ತಿ ಎಂದು ಐಪಿಸಿಸಿ ಹೇಳಿದೆ. ಇದು ಇಡೀ ಉಪಖಂಡದ ಮಾತು. ಇದನ್ನೇ ಇಳಿಸಿ ತಂದು ಕೊಟ್ಟಿಗೆಹಾರಕ್ಕೋ ಕಡೂರಿಗೋ ಹೊಂದಿಸುವುದು ಅಷ್ಟು ಸುಲಭವಲ್ಲ.

ಪಶ್ಚಿಮ ಘಟ್ಟದ ಮುಂಗಾರು ಮೋಡಗಳ ಸ್ವಭಾವ ಬೇರೆ. ಬಂಗಾಳ ಕೊಲ್ಲಿಯ ಮೋಡಗಳಂತೆ ಅವು ಆಕಾಶದೆತ್ತರ ಏರುವುದು ಕಡಿಮೆ. ಸಮುದ್ರದ ತೇವಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಗಿಡ್ಡ ಮೋಡಗಳಲ್ಲೇ, ಮಂಜುಹರಳಿನ ನೆರವು ಹೆಚ್ಚಾಗಿ ಇಲ್ಲದೆ, ಹನಿಗಳು ಒಂದಕ್ಕೊಂದು ಕೂಡಿ ದಪ್ಪವಾಗಿ ಬೀಳುತ್ತವೆ. ಆರಿದ್ರಾ ಮಳೆ ಆರದೆ ಹುಯ್ಯುತ್ತದೆ ಎಂದು ಹಿರಿಯರು ಹೇಳುವ ಮಳೆಯ ಬಹುಪಾಲು ಇಂಥದ್ದೇ. ಮೋಡದ ನೆತ್ತಿ ತಣ್ಣಗಿದ್ದಷ್ಟೂ ಮಳೆ ಜೋರು ಎಂಬ ಲೆಕ್ಕದ ಮೇಲೆ ಮಳೆ ಅಂದಾಜಿಸುವ ಉಪಗ್ರಹ ವಿಧಾನಗಳು ಇಲ್ಲಿ ಎಡವುತ್ತವೆ. ಚಾರ್ಮಾಡಿಯಲ್ಲಿ ಧೋ ಎಂದು ಸುರಿಯುತ್ತಿರುವಾಗ ಮೇಲಿನಿಂದ ನೋಡಿದರೆ ಅಲ್ಲಿ ಸಾಧಾರಣ ಮೋಡ. ಅಳತೆಯೇ ಇಷ್ಟು ಕಷ್ಟವಾದ ಮಳೆಯನ್ನು, ಘಟ್ಟವೇ ಸರಿಯಾಗಿ ಕಾಣದ ಮಾದರಿ ಮುವ್ವತ್ತು ವರ್ಷ ಮುಂದಕ್ಕೆ ಹೇಳಬೇಕು. ಮಾರ್ಚ್, ಏಪ್ರಿಲ್‌ನ ಹೂಮಳೆಯದು ಇನ್ನೂ ಕಷ್ಟ. ಅದು ಮಧ್ಯಾಹ್ನದ ಬಿಸಿಗೆ ಎದ್ದು ಸಂಜೆ ಗುಡುಗಿ ಸುರಿಯುವ ಮಳೆ, ಒಂದು ತೋಟಕ್ಕೆ ಒಂದೂವರೆ ಇಂಚು ಬಿದ್ದರೆ ಹಳ್ಳದಾಚೆಯ ತೋಟಕ್ಕೆ ನಾಲ್ಕು ಹನಿ. ಮೊಗ್ಗು ಅರಳಲು ಆ ಮಳೆ ಬೇಕು, ಅರಳಿದ್ದು ಕಾಯಿ ಕಟ್ಟಲು ಕೆಲವು ವಾರದೊಳಗೆ ಬ್ಯಾಕಿಂಗ್ ಮಳೆ ಬೇಕು. ಒಂದು ವರ್ಷದ ಬೆಳೆ ನಿಲ್ಲುವುದು ಇಂಥ ಒಂದೆರಡು ಸಂಜೆಗಳ ಮೇಲೆ. ಜಾಗತಿಕ ಮಾದರಿಗಳ ಕೈ ಎಲ್ಲಕ್ಕಿಂತ ದುರ್ಬಲವಾಗಿರುವುದು ಇಂಥ ಮಳೆಯಲ್ಲೇ.

ಆದ್ದರಿಂದ ಜಿಲ್ಲಾ ಮಟ್ಟದ ಭವಿಷ್ಯದ ನಕ್ಷೆಯನ್ನು ಯಾರಾದರೂ ಮುಂದಿಟ್ಟರೆ ಕೇಳಬೇಕಾದ ಪ್ರಶ್ನೆಗಳಿವೆ. ಎಷ್ಟು ಮಾದರಿಗಳಿಂದ ತೆಗೆದದ್ದು? ಅವುಗಳಲ್ಲಿ ಮಳೆ ಹೆಚ್ಚುತ್ತದೆ ಎಂದವು ಎಷ್ಟು, ಕಡಿಮೆ ಎಂದವು ಎಷ್ಟು? 5 ಡಿಗ್ರಿಯ ಬಿಸಿ ಮಾದರಿಗಳನ್ನು ಸೇರಿಸಿದ್ದಾರೋ ಬಿಟ್ಟಿದ್ದಾರೋ? ಕಳೆದ ಮೂವತ್ತು ವರ್ಷದ ಸಕಲೇಶಪುರದ ಮಳೆಯನ್ನು ಅದೇ ಮಾದರಿ ಸರಿಯಾಗಿ ತೋರಿಸುತ್ತದೆಯೇ? 100 ಕಿಲೋಮೀಟರಿನ ಅಂಕಿಯನ್ನು ಗಣಿತದಿಂದ ಹತ್ತು ಕಿಲೋಮೀಟರಿಗೆ ಇಳಿಸಿದರೆ ನಕ್ಷೆ ಚೆಂದ ಕಾಣುತ್ತದೆ, ಅದರೊಳಗಿನ ತಿಳಿವಳಿಕೆ ತಾನಾಗಿ ಹೆಚ್ಚುವುದಿಲ್ಲ. ಯಾವ ತಳಿ ನೆಡಬೇಕು, ಕಾಳುಮೆಣಸಿಗೆ ಎಷ್ಟು ಬಂಡವಾಳ ಹಾಕಬೇಕು ಎಂದು ಇಪ್ಪತ್ತೈದು ವರ್ಷದ ಲೆಕ್ಕ ಹಾಕುವ ಸಣ್ಣ ಬೆಳೆಗಾರರಿಗೆ ಒಂದೇ ಅಂಕಿ ಕೊಡುವುದು ಅನ್ಯಾಯ. ಹರವನ್ನು ಕೊಡಬೇಕು. ಘಾಟಿ ರಸ್ತೆಯ ಮೋರಿಗಳ ವಿಷಯ ಬೇರೆ. ಬಿಸಿ ಏರಿದಂತೆ ಗಾಳಿಯಲ್ಲಿ ನೀರಾವಿ ಹೆಚ್ಚುತ್ತದೆ, ಜಡಿಮಳೆ ಇನ್ನಷ್ಟು ಜೋರಾಗುತ್ತದೆ ಎಂಬುದು ಹವಾಗುಣ ಸಂವೇದನೆ ಎರಡೂವರೆಯೋ ನಾಲ್ಕೋ ಎಂಬ ವಾದಕ್ಕೆ ಕಾಯುವ ಸಂಗತಿಯಲ್ಲ. ಶಿರಾಡಿ, ಚಾರ್ಮಾಡಿಯ ಕಾಮಗಾರಿಗಳ ಅಂದಾಜುಪಟ್ಟಿಯಲ್ಲಿ ಹಳೆಯ ಮಳೆಯ ಅಂಕಿಯನ್ನೇ ಇಟ್ಟುಕೊಳ್ಳುವುದಕ್ಕೆ ಈಗ ಯಾವ ಸಮರ್ಥನೆಯೂ ಇಲ್ಲ.

ಮಾದರಿಗಳ ಚೌಕ ಚಿಕ್ಕದಾಗುತ್ತಿದೆ. ಜಪಾನ್, ಯುರೋಪಿನ ತಂಡಗಳು ಇಡೀ ಭೂಮಿಯನ್ನು ಕೆಲವೇ ಕಿಲೋಮೀಟರ್ ಚೌಕಗಳಲ್ಲಿ ಓಡಿಸುತ್ತಿವೆ, ಅಲ್ಲಿ ದೊಡ್ಡ ಗುಡುಗು ಮೋಡಗಳನ್ನು ಅಂದಾಜು ಸೂತ್ರವಿಲ್ಲದೆ ನೇರವಾಗಿ ಲೆಕ್ಕ ಹಾಕಬಹುದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಹಾಬಲೇಶ್ವರದಲ್ಲಿ ಘಟ್ಟದ ಮೋಡಗಳನ್ನೇ ಅಳೆಯುವ ಪ್ರಯೋಗಾಲಯ ನಡೆಸುತ್ತಿದೆ. ಅದೇ ಸಂಸ್ಥೆ ರೂಪಿಸಿದ 6 ಕಿಲೋಮೀಟರ್ ಚೌಕದ ಮುನ್ಸೂಚನಾ ಮಾದರಿ 2025ರ ಮೇ ತಿಂಗಳಿಂದ ಬಳಕೆಗೆ ಬಂದಿದೆ. ಅದು ನಾಳೆ ನಾಡಿದ್ದಿನ ಮಳೆಗೆ, 2050ಕ್ಕಲ್ಲ. ಯುರೋಪ್ ಮತ್ತು ಜಪಾನ್ ಸೇರಿ 2024ರ ಮೇ ತಿಂಗಳಲ್ಲಿ ಹಾರಿಸಿದ ಅರ್ತ್‌ಕೇರ್ ಉಪಗ್ರಹ ರಡಾರ್, ಲೇಸರ್ ಎರಡನ್ನೂ ಹೊತ್ತು ಮೋಡವನ್ನು ಸೀಳಿ ನೋಡುತ್ತಿದೆ. ಇಷ್ಟಾದರೂ ಒಂದು ಕಿಲೋಮೀಟರಿನ ಮಾದರಿಯಲ್ಲೂ ಹನಿ ಹೇಗೆ ಕಟ್ಟುತ್ತದೆ, ಹೇಗೆ ಬೀಳುತ್ತದೆ ಎಂಬುದು ಸೂತ್ರದ್ದೇ ಕೆಲಸ. ಸೂತ್ರ ಸರಿಯೇ ಎಂದು ನೋಡಲು ನೆಲದ ಮೇಲಿನ ಮಳೆಮಾಪಕ ಬೇಕು, ಹತ್ತಿರ ಹತ್ತಿರ ಇರಬೇಕು, ದೀರ್ಘಕಾಲದ್ದಿರಬೇಕು.

ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳ ಜಾಲ ನಮ್ಮ ರಾಜ್ಯದಲ್ಲಿದೆ, ದೇಶಕ್ಕೇ ಮಾದರಿ ಎನ್ನುವಂಥದ್ದು, ಆದರೆ ಅದಕ್ಕೆ ಇನ್ನೂ ಚಿಕ್ಕ ವಯಸ್ಸು. ಮೂಡಿಗೆರೆ, ಸಕಲೇಶಪುರ, ಕೊಪ್ಪ, ಆಲ್ದೂರು ಕಡೆಯ ಹಳೆಯ ಎಸ್ಟೇಟುಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ ಬರೆದಿಟ್ಟ ಪುಸ್ತಕಗಳಿವೆ, ಕೆಲವು ಎರಡು ಮೂರು ತಲೆಮಾರಿನವು. ಪಕ್ಕಪಕ್ಕದ ತೋಟಗಳ ಲೆಕ್ಕ ಒಂದೇ ಕಡೆ ಸಿಕ್ಕರೆ ಹಳ್ಳದ ಈಚೆ ಆಚೆಯ ವ್ಯತ್ಯಾಸವನ್ನು ಮಾದರಿ ಹಿಡಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೋ, ಬೆಳೆಗಾರರ ಸಂಘಗಳೋ, ಹಾಸನದ ಕಾಲೇಜುಗಳೋ ಕೂಡಿ ಈ ಪುಸ್ತಕಗಳ ಪುಟಗಳನ್ನು ಫೋಟೋ ತೆಗೆದು ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಇದಕ್ಕೆ ಉಪಗ್ರಹ ಬೇಡ, ಸೂಪರ್‌ಕಂಪ್ಯೂಟರ್ ಬೇಡ. ಗೆದ್ದಲು ಹತ್ತುವ ಮುಂಚೆ ಆಗಬೇಕು, ಅಷ್ಟೇ.